ಜೋಡಿಸಿಟ್ಟದ್ದನ್ನು ಜೋಡಿಸುವ ಕಷ್ಟ

ನನಗೊಂದು ಚಟವಿದೆ. ಜೋಡಿಸಿಡುವ ಚಟ. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲಬೇಕು. ಚಮಚಗಳೆಲ್ಲ ಒಂದೇ ಕಡೆ ತಲೆಯಿಟ್ಟು ಮಲಗಬೇಕು. ಹಗ್ಗದ ಮೇಲೆ ಒಣಗುವ ಬಟ್ಟೆಗಳಲ್ಲಿ ದೊಡ್ಡವು ಒಂದು ಕೊನೆಗೆ, ಸಣ್ಣವು ಇನ್ನೊಂದು ಕೊನೆಗೆ ಇರಬೇಕು. ಬೇರೆಯವರ ಮನೆಗೆ ಹೋದರೆ ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನು ಜೋಡಿ ಮಾಡಿಟ್ಟೇ ಒಳಗೆ ಕಾಲಿಡುತ್ತೇನೆ. ಒಮ್ಮೆ ಅಥಣಿಯಲ್ಲಿ ಮದುವೆಯೊಂದಕ್ಕೆ ಹೋಗಿ, ಬಾಗಿಲಲ್ಲಿ ಇದೇ ಕೆಲಸ ಮಾಡುತ್ತ ನಿಂತವಳಿಗೆ ಒಳಗೆ ಅಕ್ಷತೆ ಬಿದ್ದದ್ದೇ ತಿಳಿಯಲಿಲ್ಲ.

ಇದು ನಿಪ್ಪಾಣಿಯಿಂದ ತಂದ ಗುಣ. ನನ್ನ ಅವ್ವ ಅಲ್ಲಿ ಬೀಡಿ ಕಟ್ಟುತ್ತಿದ್ದಳು. ಎಲೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ, ಸುತ್ತಿ, ಕಟ್ಟು ಮಾಡುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಕಟ್ಟಿನಲ್ಲಿ ಒಂದು ಬೀಡಿ ತಲೆಕೆಳಗಾಗಿದ್ದರೂ ಮಾಲು ನೋಡುವವನು ಅದನ್ನು ಬದಿಗೆ ಎಸೆಯುತ್ತಿದ್ದ. ಹೀಗಾಗಿ ಹತ್ತನೆಯ ಇಯತ್ತೆ ಪಾಸಾಗುವ ಮೊದಲೇ, ಲೋಕದಲ್ಲಿ ಸಾಲಿನಲ್ಲಿ ನಿಂತದ್ದು ಉಳಿಯುತ್ತದೆ, ಸಾಲು ತಪ್ಪಿದ್ದು ಹಾಳಾಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಕೂತಿತ್ತು.

ಆ ನಂಬಿಕೆ ಸುಳ್ಳು ಎಂದು ನನಗೆ ತೋರಿಸಿದ್ದು ಒಂದು ಕಂಪ್ಯೂಟರ್. ನನ್ನ ಅಚ್ಚುಕಟ್ಟುತನಕ್ಕೆ ಅದು ಮೇಲಿಂದ ಮೇಲೆ ಮೂರ್ಛೆ ಹೋಗುತ್ತಿತ್ತು.

ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ನಾನು ಗುಮಾಸ್ತೆ. ನನ್ನ ಮನೆಯವರು, ಯಶವಂತ ಕಾಂಬಳೆ, ಅದೇ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದರು. ತೊಂಬತ್ತರ ಸುಮಾರಿಗೆ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಧೂಳು ತಾಗದ ಹಾಗೆ ಒಂದು ಕೋಣೆ, ಒಂದು ಪರದೆ, ಒಂದು ಫ್ಯಾನು ಎಲ್ಲ ಸಿಕ್ಕವು. ಅದನ್ನು ನಡೆಸುವವರು ಮಾತ್ರ ಸಿಗಲಿಲ್ಲ. ಇವರು ಕೊಲ್ಹಾಪುರಕ್ಕೆ ಆರು ತಿಂಗಳು ವಾರಕ್ಕೆರಡು ದಿನ ಹೋಗಿ ಕಲಿತು ಬಂದರು. ರಾಯಬಾಗದ ಕೂಲಿ ಮನೆತನದಲ್ಲಿ ಹುಟ್ಟಿದವರು. ತಾವು ಕಲಿತದ್ದನ್ನು ಮನೆಗೆ ಬಂದು ನನಗೂ ಹೇಳದೆ ಬಿಡುತ್ತಿರಲಿಲ್ಲ.

"ಸುನಂದಾ, ಈ ಭಾಷಾದ ಹೆಸರು ಸಿ ಅಂತ. ಬರೇ ಒಂದ ಅಕ್ಷರ."

"ಒಂದ ಅಕ್ಷರದ ಭಾಷಾ ಆದ್ರ ನಾನೂ ಕಲೀತೇನ್ರಿ."

"ಹೆಸರಷ್ಟ ಒಂದ ಅಕ್ಷರ. ಒಳಗ ಹೊಕ್ಕರ ಹೊರಗ ಬರೂ ದಾರಿ ಸಿಗೂದಿಲ್ಲ."

ಚಿಕ್ಕೋಡಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿತ ನನ್ನ ಬೆರಳುಗಳು ಅವರ ಬೆರಳಿಗಿಂತ ಚುರುಕಾಗಿದ್ದವು. ಅವರು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ನಾನು ಯಂತ್ರಕ್ಕೆ ಹೊಡೆಯುತ್ತಿದ್ದೆ. ಅರ್ಥವಾಗದೆ ಮಂತ್ರ ಹೇಳುವವರ ಹಾಗೆ ಎರಡು ವರ್ಷ ಹೊಡೆದೆ. ನಿಧಾನವಾಗಿ ಅರ್ಧಂಬರ್ಧ ಅರ್ಥವೂ ಆಗತೊಡಗಿತು.

ಇಲ್ಲಿ ಲೈಬ್ರರಿಯ ಬಗ್ಗೆ ಎರಡು ಮಾತು ಹೇಳಬೇಕು. ಇದು ಪುಸ್ತಕದ ಲೈಬ್ರರಿಯಲ್ಲ. ಕಂಪ್ಯೂಟರಿನ ಭಾಷೆಯ ಜೊತೆಗೇ ಒಂದು ಪೆಟ್ಟಿಗೆಯ ತುಂಬ ಸಿದ್ಧ ಸಾಮಾನು ಬರುತ್ತದೆ: ವರ್ಗಮೂಲ ತೆಗೆಯುವುದು, ತಾರೀಖು ಹೇಳುವುದು, ಸಾಲಾಗಿ ಜೋಡಿಸುವುದು, ಹೀಗೆ. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಸಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಪ್ರತಿದಿನ ಯಾರೂ ಮೆಣಸಿನಕಾಯಿ ಹುರಿಯಲು ಕೂರುವುದಿಲ್ಲ. ಒಂದು ಚಮಚ ಖಾರ ಹಾಕಿದರೆ ಪಲ್ಯ ಆಯಿತು. ಆದರೆ ಆ ಖಾರದಲ್ಲೇ ಉಪ್ಪು ಹೆಚ್ಚಾಗಿದ್ದರೆ? ವರ್ಷವಿಡೀ ಎಲ್ಲ ಪಲ್ಯವೂ ಉಪ್ಪು. ಬೈಗಳು ಮಾತ್ರ ಆವತ್ತು ಒಲೆಯ ಮುಂದೆ ಇದ್ದವಳಿಗೆ. ಖಾರದ ಡಬ್ಬಿಯನ್ನು ಯಾರೂ ಅನುಮಾನಿಸುವುದಿಲ್ಲ.

ನನ್ನ ಮನೆಯವರ ಕಥೆಯೂ ಹೀಗೇ ಆಯಿತು. ಅವರು ಬರೆದ ಮೊದಲ ದೊಡ್ಡ ಪ್ರೋಗ್ರಾಮು ಪಾಳಿ ಪಟ್ಟಿಯದು. ಯಾರ ಕಬ್ಬು ಮೊದಲು ನಾಟಿಯಾಗಿದೆಯೋ ಅವರದು ಮೊದಲು ಕಟಾವಾಗಬೇಕು. ಊರೂರಿನ ರೈತರ ಹೆಸರು, ನಾಟಿಯ ತಾರೀಖು ತುಂಬಿದರೆ ಯಂತ್ರ ತಾರೀಖಿನ ಪ್ರಕಾರ ಜೋಡಿಸಿ ಪಟ್ಟಿ ಅಚ್ಚು ಹಾಕಬೇಕು. ಜೋಡಿಸುವ ಕೆಲಸಕ್ಕೆ ಅವರು ಪೆಟ್ಟಿಗೆಯಲ್ಲಿನ ಸಿದ್ಧ ಸಾಮಾನನ್ನೇ ಬಳಸಿದ್ದರು. ಭಾಷೆಯ ಆ ಪೆಟ್ಟಿಗೆ ಪುಣೆಯ ಒಂದು ಸಣ್ಣ ಕಂಪನಿಯದು.

ಹತ್ತು ಹೆಸರು ಹಾಕಿ ನೋಡಿದರು, ಪಟ್ಟಿ ಬಂತು. ಭೋಜ ಊರಿನದು ಹಾಕಿದರು, ಬಂತು. ಶಿರಗುಪ್ಪಿಯದು ಹಾಕಿದರು. ಪರದೆಯ ಮೇಲಿನ ಹಸಿರು ಚುಕ್ಕೆ ಕೂಡ ಮಿಣುಕದೆ ಯಂತ್ರ ಕಲ್ಲಾಗಿ ನಿಂತಿತು.

ಒಬ್ಬೊಬ್ಬ ರೈತನಿಗೆ ಒಂದೊಂದು ಕಾರ್ಡು; ಅವನ್ನು ನೋಡಿ ಊರುಗಳನ್ನು ಯಂತ್ರಕ್ಕೆ ತುಂಬುವವರು ನಾವಿಬ್ಬರು: ನಾನು ಮತ್ತು ನನ್ನ ಪಕ್ಕದ ಮೇಜಿನ ಮಾರುತಿ. ಮಾರುತಿ ಭೋಜದವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ; ಮಾತಿನಲ್ಲಿ ಚುರುಕು, ಕೆಲಸದಲ್ಲಿ ಹಾಗಲ್ಲ. ಅವನ ಕಾರ್ಡುಗಳು ಸುಗ್ಗಿಯ ಕಣದಲ್ಲಿ ಗಾಳಿಗೆ ಹಾರಿದ ಹೊಟ್ಟಿನ ಹಾಗೆ ಮೇಜಿನ ತುಂಬ ಇರುತ್ತಿದ್ದವು. ಕೈಗೆ ಯಾವುದು ಸಿಕ್ಕಿತೋ ಅದನ್ನು ತುಂಬುತ್ತಿದ್ದ. ನಾನಾದರೋ ಒಂದೊಂದು ಊರಿನ ಕಾರ್ಡುಗಳನ್ನೂ ನಾಟಿಯ ತಾರೀಖಿನ ಪ್ರಕಾರ ಮೊದಲೇ ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ಆಮೇಲೆ ತುಂಬಲು ಕೂರುತ್ತಿದ್ದೆ. ಕಂಪ್ಯೂಟರ್ ಬರುವ ಮೊದಲು ಪಟ್ಟಿಯನ್ನು ಕೈಯಲ್ಲೇ ಮಾಡುತ್ತಿದ್ದೆವು. ಆ ರೂಢಿ ಹೋಗಿರಲಿಲ್ಲ. ಯಂತ್ರಕ್ಕೂ ಸ್ವಲ್ಪ ಕೆಲಸ ಕಡಿಮೆಯಾಗಲಿ, ಪಾಪ, ಎಂಬ ಕರುಣೆ ಬೇರೆ.

ಆಶ್ಚರ್ಯವೆಂದರೆ, ಮಾರುತಿ ತುಂಬಿದ ಎಲ್ಲ ಊರಿನ ಪಟ್ಟಿಯೂ ಸರಾಗವಾಗಿ ಬರುತ್ತಿತ್ತು. ನಾನು ತುಂಬಿದ ದೊಡ್ಡ ಊರುಗಳಿಗೆಲ್ಲ ಯಂತ್ರ ಬೀಳುತ್ತಿತ್ತು.

"ವೈನಿ, ದೇವರು ಮೈಗಳ್ಳರ ಕಡೇನ ಇದ್ದಾನ ನೋಡ್ರಿ," ಎಂದು ಮಾರುತಿ ನಗುತ್ತಿದ್ದ. "ನಿಮ್ಮ ಬೆರಳಿನ್ಯಾಗ ಏನೋ ಐತಿ. ಒಮ್ಮೆ ನಿಂಬಿಕಾಯಿ ಇಳಿಸಿ ಒಗಿಸಿಕೋರಿ."

ನನ್ನ ಮನೆಯವರು ನಾನು ತುಂಬಿದ ಒಂದೊಂದು ಸಾಲನ್ನೂ ಕಾರ್ಡಿಗೆ ಹಿಡಿದು ನೋಡಿದರು. ಒಂದು ತಪ್ಪೂ ಇರಲಿಲ್ಲ. ತಮ್ಮ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದರು. ಅಲ್ಲೂ ಸಿಗಲಿಲ್ಲ. ಯಂತ್ರಕ್ಕೇ ಮನಬಂದ ಹಾಗೆ ಸಾವಿರಾರು ಅಂಕಿಗಳನ್ನು ಹುಟ್ಟಿಸಲು ಹೇಳಿ, ಅವನ್ನು ಜೋಡಿಸು ಎಂದರು. ಚಕ್ಕನೆ ಜೋಡಿಸಿತು. ಕೊನೆಗೆ ಅವರು, ತಪ್ಪು ಪುಣೆಯವರ ಪೆಟ್ಟಿಗೆಯಲ್ಲೇ ಇರಬೇಕು ಎಂಬ ತೀರ್ಮಾನಕ್ಕೆ ಬಂದರು. ಇದನ್ನು ಆಫೀಸಿನ ಮುಖ್ಯಸ್ಥರಾದ ಪಾಟೀಲ ಸಾಹೇಬರಿಗೆ ಹೇಳಿದರು. ನಾನೂ ಅಲ್ಲೇ ಫೈಲು ಹಿಡಿದು ನಿಂತಿದ್ದೆ.

"ಯಶವಂತಾ, ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ," ಎಂದರು ಸಾಹೇಬರು.

"ಒಮ್ಮೊಮ್ಮೆ ನೆಲಾನೂ ಡೊಂಕ ಇರತೈತ್ರಿ ಸಾಹೇಬ್ರ."

"ಪುಣೇದವ್ರು ಹಾಸಿದ ನೆಲ ಡೊಂಕ, ರಾಯಬಾಗದವನ ಕುಣಿತ ನೆಟ್ಟಗ? ಕೇಳಿದವ್ರು ನಗತಾರೋ."

ಸಾಹೇಬರು ಕೆಟ್ಟವರಲ್ಲ. ಕಬ್ಬು ಅರೆಯುವ ಹಂಗಾಮು ಶುರುವಾಗಿತ್ತು, ರೈತರು ಬಾಗಿಲಲ್ಲಿ ನಿಂತು ಪಾಳಿ ಕೇಳುತ್ತಿದ್ದರು. ಆದರೆ ಆ ಮಾತು ಆಫೀಸಿನ ತುಂಬ ಓಡಾಡಿತು. ಕ್ಯಾಂಟೀನಿನಲ್ಲಿ ಇವರು ಕಾಲಿಟ್ಟರೆ ಯಾರಾದರೊಬ್ಬರು, "ಸಾವಕಾಶ ಬರ್ರಿ ಕಾಂಬಳೆಯವರ, ನೆಲ ಡೊಂಕ ಐತಿ," ಎನ್ನುತ್ತಿದ್ದರು. ಇವರು ನಗುತ್ತಿದ್ದರು. ಮನೆಗೆ ಬಂದು ನಗುತ್ತಿರಲಿಲ್ಲ.

ಇವರು ಪುಣೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದರು. ನಿಮ್ಮ ಜೋಡಿಸುವ ಫಂಕ್ಷನ್ನಿನಲ್ಲಿ ದೋಷವಿದೆ ಎಂದು ತೋರುತ್ತದೆ, ಬೇರೆಯವರಿಗೂ ಹೀಗಾಗಿದೆಯೇ ತಿಳಿಸಿ, ಎಂದು. ಆಮೇಲೆ ದಿನಾ ಟಪಾಲಿನ ದಾರಿ ನೋಡುತ್ತಿದ್ದರು. "ಇನ್ನೊಬ್ಬ ಯಾವನರೆ, ಹೌದು, ನಮ್ಮಲ್ಲೂ ಬಿತ್ತು ಅಂದ್ರ ಸಾಕ ಸುನಂದಾ," ಎನ್ನುತ್ತಿದ್ದರು.

ಆ ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಚಹಾದ ಕಪ್ಪು ಕೆಳಗಿಟ್ಟು, ಸ್ವಲ್ಪ ಮಲಗುತ್ತೇನೆ ಎಂದರು. ಮಿರಜಿನ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಮುಗಿಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಬಂದವರೆಲ್ಲ ಹೋಗಿ ಮನೆಯಲ್ಲಿ ಅವ್ವನೂ ನಾನೂ ಇಬ್ಬರೇ ಉಳಿದ ಮೇಲೆ ಪುಣೆಯ ಉತ್ತರ ಬಂತು. ಲಕೋಟೆಯ ಮೇಲೆ ಅವರ ಹೆಸರು. ಒಳಗೆ ನಾಲ್ಕೇ ಸಾಲು. ತಾವು ಹೇಳಿದ ದೋಷ ನಮ್ಮಲ್ಲಿ ಕಾಣಿಸಲಿಲ್ಲ. ದಯವಿಟ್ಟು ತಮ್ಮ ಪ್ರೋಗ್ರಾಮನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ.

ನಾನು ಅಳುವವಳಲ್ಲ. ಆದರೆ ಆ "ಪರೀಕ್ಷಿಸಿಕೊಳ್ಳಿ" ಎಂಬ ಮಾತನ್ನು ಓದಿದಾಗ ಮೈಯೆಲ್ಲ ಉರಿಯಿತು. ಇಲ್ಲದ ಮನುಷ್ಯ ಹೇಗೆ ಪರೀಕ್ಷಿಸಿಕೊಳ್ಳಬೇಕು?

ಕೆಲಸಕ್ಕೆ ಮರಳಿದ ದಿನ ಪಾಟೀಲ ಸಾಹೇಬರು ಕುರ್ಚಿ ತೋರಿಸಿ ಕೂರಿಸಿದರು. ಬಹಳ ಹೊತ್ತು ಪೇಪರ್‌ವೆಯಿಟ್ ತಿರುಗಿಸಿದರು.

"ಹೋದವರ ಬಗ್ಗೆ ಮಾತಾಡಬಾರದವ್ವಾ. ಆದ್ರ ಆ ಪ್ರೋಗ್ರಾಮ್ ತಪ್ಪ ಐತಿ. ಕೊಲ್ಹಾಪುರದವ್ರ ಕಡಿಂದ ಹೊಸಾದು ಮಾಡಸ್ತೇವಿ. ಇದನ್ನ ಅಳಿಸಿಬಿಡೂಣು."

"ಎಂಟ ದಿನ ಕೊಡ್ರಿ ಸಾಹೇಬ್ರ," ಎಂದೆ.

"ಎಂಟ ದಿನದಾಗ ನೀ ಏನ ಮಾಡ್ತಿ?"

"ಗೊತ್ತಿಲ್ರಿ."

ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಬಿಟ್ಟುಹೋದದ್ದು ಎರಡು ಜೊತೆ ಬಟ್ಟೆ, ಒಂದು ಗಡಿಯಾರ ಮತ್ತು ಆ ಪ್ರೋಗ್ರಾಮು. ಅದನ್ನು ತಪ್ಪು ಎಂದು ಬರೆದು ಅಳಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಆ ವಾರ ಶಿರಗುಪ್ಪಿಯ ಫ್ಲಾಪಿಗೆ ಬೂಷ್ಟು ಹಿಡಿದು ಕೆಟ್ಟಿತ್ತು. ಇಡೀ ಊರನ್ನು ಮತ್ತೆ ತುಂಬಬೇಕಾಯಿತು. ಕಾರ್ಡಿನ ಟ್ರೇ ತರುವಾಗ ಹೊಸ್ತಿಲು ಎಡವಿ ಎಲ್ಲವೂ ನೆಲದ ಮೇಲೆ ಚೆಲ್ಲಿದವು. ಮೊದಲಾಗಿದ್ದರೆ ಅಲ್ಲೇ ಕೂತು ಊಟ ಬಿಟ್ಟು ಜೋಡಿಸುತ್ತಿದ್ದೆ. ಆವತ್ತು ಕೈ ಏಳಲಿಲ್ಲ. ಯಾವುದು ಮೊದಲಾದರೇನು, ಯಾವುದು ಕೊನೆಗಾದರೇನು ಎನ್ನಿಸಿತು. ಮಾರುತಿ ಎರಡೂ ಕೈಯಲ್ಲಿ ಬಾಚಿ ಟ್ರೇಗೆ ತುಂಬಿಕೊಟ್ಟ. ಬಂದ ಹಾಗೆ ತುಂಬಿದೆ. ಎರಡು ದಿನ ಹಿಡಿಯಿತು. ಪ್ರೋಗ್ರಾಮು ಹಚ್ಚಿ, ಬೀಳುವುದನ್ನು ಕಾಯುತ್ತ ಕೂತೆ.

ಪ್ರಿಂಟರು ಕಿರ್‍ರೆಂದು ಶುರು ಮಾಡಿತು.

ಶಿರಗುಪ್ಪಿಯ ಪಟ್ಟಿ, ಮೊದಲ ನಾಟಿಯಿಂದ ಕೊನೆಯ ನಾಟಿಯವರೆಗೆ, ಉದ್ದಕ್ಕೆ ಸುರುಳಿಯಾಗಿ ನೆಲಕ್ಕೆ ಇಳಿಯಿತು. ನಾನೂ ಮಾರುತಿಯೂ ಮುಖ ಮುಖ ನೋಡಿದೆವು.

"ವೈನಿ, ಏನ ಮಾಡಿದ್ರಿ?"

"ಏನೂ ಮಾಡ್ಲಿಲ್ಲೋ ಮಾರುತಿ," ಎಂದೆ. ಹೇಳಿದ ಮೇಲೆ ಉತ್ತರ ಅದೇ ಎಂದು ಹೊಳೆಯಿತು. ಪ್ರತಿಸಲ ಮಾಡುತ್ತಿದ್ದ ಒಂದನ್ನು ಈ ಸಲ ಮಾಡಿರಲಿಲ್ಲ.

ಅದೇ ಕಾರ್ಡುಗಳನ್ನು ಜೋಡಿಸಿ ಮತ್ತೆ ತುಂಬಿದೆವು. ಯಂತ್ರ ಬಿತ್ತು. ಎರಡು ಸಲ ಮಾಡಿದೆವು. ಎರಡು ಸಲವೂ ಬಿತ್ತು. ಜೋಡಿಸುವ ಆ ಫಂಕ್ಷನ್ನು ಎಂಥ ಗೊಂದಲವನ್ನಾದರೂ ಜೋಡಿಸುತ್ತಿತ್ತು. ಮೊದಲೇ ಜೋಡಿಸಿದ್ದನ್ನು ಕೊಟ್ಟು ಜೋಡಿಸು ಎಂದರೆ ಮಾತ್ರ ಉಸಿರು ಬಿಡುತ್ತಿತ್ತು.

ಏಕೆ ಎಂಬುದು ಇವರ ನೋಟ್‌ಬುಕ್ಕಿನ ಒಂದು ಪುಟದಿಂದ ತಿಳಿಯಿತು. ಅದು ಜೋಡಿಸುವ ರೀತಿ ಹೀಗೆ. ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಬೇಕೆಂದುಕೊಳ್ಳಿ. ಮಾಸ್ತರರು ಮೊದಲು ನಿಂತ ಮಗುವನ್ನು ಹಿಡಿದು, ಇವನಿಗಿಂತ ಗಿಡ್ಡರು ಎಡಕ್ಕೆ, ಎತ್ತರದವರು ಬಲಕ್ಕೆ ಎನ್ನುತ್ತಾರೆ. ಆಮೇಲೆ ಒಂದೊಂದು ಗುಂಪಿನಲ್ಲೂ ಅದನ್ನೇ ಮಾಡುತ್ತಾರೆ. ಗುಂಪು ಅರ್ಧ, ಅರ್ಧದ ಅರ್ಧ ಆಗುತ್ತ ಬೇಗ ಮುಗಿಯುತ್ತದೆ. ಆದರೆ ಮಕ್ಕಳು ಮೊದಲೇ ಸಾಲಾಗಿ ನಿಂತಿದ್ದರೆ? ಮೊದಲನೆಯವನು ಎಲ್ಲರಿಗಿಂತ ಗಿಡ್ಡ. ಎಡಕ್ಕೆ ಯಾರೂ ಇಲ್ಲ, ಇಡೀ ಶಾಲೆ ಬಲಕ್ಕೆ. ಮುಂದಿನವನಿಗೂ ಅದೇ ಗತಿ. ಒಂದೊಂದು ಸಲವೂ ಒಂದೇ ಮಗು ಕಡಿಮೆಯಾಗುತ್ತದೆ. ಎಲ್ಲಿಗೆ ಬಂದೆ ಎಂಬುದನ್ನು ಮಾಸ್ತರರು ಪ್ರತಿಸಲ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸಣ್ಣ ಶಾಲೆಯಾದರೆ ಹೇಗೋ ಆದೀತು. ದೊಡ್ಡ ಶಾಲೆಯಾದರೆ ನೆನಪು ತುಂಬಿ ತುಳುಕಿ ಮಾಸ್ತರರು ತಲೆ ತಿರುಗಿ ಬೀಳುತ್ತಾರೆ. ಇವರು ಅಷ್ಟನ್ನೂ ಬರೆದು ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ತಮ್ಮ ಹೆಂಡತಿ ಮಕ್ಕಳನ್ನು ಮೊದಲೇ ಸಾಲಾಗಿ ನಿಲ್ಲಿಸಿ ಕಳಿಸುತ್ತಿದ್ದಾಳೆ ಎಂಬ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಕಾರ್ಡುಗಳು ನನ್ನ ಮೇಜಿನಲ್ಲಿರುತ್ತಿದ್ದವು; ಅವರು ಅವನ್ನು ಒಂದೊಂದಾಗಿ ನೋಡಿದ್ದರೇ ಹೊರತು ಸಾಲಾಗಿ ನೋಡಿರಲಿಲ್ಲ. ನಾನೂ ಹೇಳಿರಲಿಲ್ಲ. ಉಸಿರಾಡುತ್ತೇನೆ ಎಂದು ಯಾರಾದರೂ ಹೇಳುತ್ತಾರೆಯೇ?

ಆ ದಿನ ಸಂತೋಷ ಆಗಬೇಕಿತ್ತು. ಆಗಲಿಲ್ಲ. ನಾನು ಮಾರುತಿಯ ಹಾಗೆ ಸೋಮಾರಿಯಾಗಿದ್ದರೆ ಅವರು ತಮ್ಮ ಕೊನೆಯ ತಿಂಗಳು ನೆಮ್ಮದಿಯಾಗಿ ಇರುತ್ತಿದ್ದರಲ್ಲ ಎಂಬ ಒಂದೇ ಯೋಚನೆ ಕೊರೆಯತೊಡಗಿತು.

ಎಂಟನೆಯ ದಿನ ಸಾಹೇಬರ ಮೇಜಿನ ಮೇಲೆ ಶಿರಗುಪ್ಪಿಯ ಪಟ್ಟಿ ಇಟ್ಟು, ಕಾರ್ಡು ಜೋಡಿಸದೆ ತುಂಬಿದರೆ ಯಂತ್ರ ಬೀಳುವುದಿಲ್ಲ ಎಂದೆ. ಅವರು ಬೆರಳಿಟ್ಟು ನಾಲ್ಕು ತಾರೀಖು ನೋಡಿ, "ಹಂಗಾದ್ರ ಈ ಹಂಗಾಮ ಇದರಾಗ ನಡೀಲಿ," ಎಂದರು. ಆದರೆ ನಂಬಿರಲಿಲ್ಲ. "ಕಲಸಿ ಕೊಟ್ಟರಷ್ಟ ತಿನ್ನೂ ಪ್ರೋಗ್ರಾಮ್ ನೆಟ್ಟಗಿಂದೇನವ್ವಾ?" ಎಂದರು. ಅಂದರೆ ತಪ್ಪು ಇನ್ನೂ ಇವರ ಹೆಸರಿನಲ್ಲೇ ಇತ್ತು.

ಕಲಸಿ ಕೊಡುವುದು ಎಂದರೆ ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಕಲೆಸುವುದು. ನನಗೆ ಅದು ಬರುತ್ತಿರಲಿಲ್ಲ. ಕಲೆಸಿ ಕಲೆಸಿ ಕೊನೆಗೆ ಬೆರಳುಗಳು ತಾವಾಗಿಯೇ ಅಂಚು ತಟ್ಟಿ, ಹಿಂದಿನದು ಹಿಂದೆ ಮುಂದಿನದು ಮುಂದೆ ಮಾಡಿಬಿಡುತ್ತಿದ್ದವು. ಮಾರುತಿ ಹಣೆ ಬಡಿದುಕೊಳ್ಳುತ್ತಿದ್ದ: "ಜನ್ಮದಾಗ ಇಸ್ಪೀಟ್ ಆಡಿಲ್ಲೇನ್ರಿ ವೈನಿ? ಎಂಥಾ ಮನಿತನ ನಿಮ್ದು!" ರವಿವಾರ ಮಧ್ಯಾಹ್ನ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ನಿಪ್ಪಾಣಿಯಿಂದ ಬಂದು ನನ್ನ ಜೊತೆ ಉಳಿದಿದ್ದ ಅವ್ವ ನೋಡಿ, "ಜೋಡಿಸಿ ಇಡೂದು ನಾ ಕಲಿಸಿದ್ದು. ಕೆಡಿಸಿ ಇಡೂದು ಯಾರ ಕಲಿಸಿದ್ರ ಬೇ?" ಎಂದಳು. ಅವರು ಹೋದ ಮೇಲೆ ಮೊದಲ ಸಲ ನಾನು ನಕ್ಕಿದ್ದು ಆಗಲೇ ಇರಬೇಕು.

ಪುಣೆಗೆ ಬರೆಯಬೇಕು. ನನ್ನ ಇಂಗ್ಲಿಷು ಹತ್ತನೆಯ ಇಯತ್ತೆಯದು, ಅದೂ ಕೃಪಾಂಕದ ಸಹಾಯದಿಂದ ದಾಟಿದ್ದು. ಆದರೆ ನಿಪ್ಪಾಣಿಯಲ್ಲಿ ಬೆಳೆದವಳಿಗೆ ಮರಾಠಿ ಅಂಗಳದ ಭಾಷೆ. ಮರಾಠಿಯಲ್ಲಿ ಬರೆದೆ. ಕಂಪ್ಯೂಟರಿನ ದೋಷದ ಬಗ್ಗೆ ಇನ್‌ಲ್ಯಾಂಡ್ ಲೆಟರಿನಲ್ಲಿ, ಮೇಲೆ "ಸಪ್ರೇಮ ನಮಸ್ಕಾರ" ಎಂದು ಹಾಕಿ, ಕೆಳಗೆ "ಕಳಾವೆ" ಎಂದು, ಅಂದರೆ ತಿಳಿಯಲಿ ಎಂದು, ಮುಗಿಸಿ ಬರೆದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನಾನರಿಯೆ.

ಉತ್ತರ ಬರೆದವರು ಪೇಂಡಸೆ ಎಂಬವರು. ಮರಾಠಿಯಲ್ಲೇ ಬರೆದಿದ್ದರು. ದೋಷ ತೋರಿಸುವ ಅತಿ ಸಣ್ಣ ಉದಾಹರಣೆಯನ್ನು ಕಳಿಸಿ, ಸಂಬಂಧವಿಲ್ಲದ್ದನ್ನೆಲ್ಲ ತೆಗೆದುಹಾಕಿ, ಎಂದು ಕೇಳಿದ್ದರು.

ಈ ಕೆಲಸದಲ್ಲಿ ನಾನು ಒಂದು ತಿಂಗಳು ಕಳೆದೆ. ಇವರ ಪ್ರೋಗ್ರಾಮಿನ ನಕಲು ಇಟ್ಟುಕೊಂಡು ಒಂದೊಂದೇ ತುಂಡು ಕಿತ್ತೆ. ರೈತರ ಹೆಸರು ತೆಗೆದೆ, ಇನ್ನೂ ಬೀಳುತ್ತಿತ್ತು. ಊರು ತೆಗೆದೆ, ಬೀಳುತ್ತಿತ್ತು. ತಾರೀಖು ತೆಗೆದು ಬರಿಯ ಒಂದು, ಎರಡು, ಮೂರು ಎಂದು ಅಂಕಿ ಇಟ್ಟೆ, ಬೀಳುತ್ತಿತ್ತು. ಕೊನೆಗೆ ಹತ್ತು ಸಾಲು ಉಳಿಯಿತು. ಅದಕ್ಕಿಂತ ಕಡಿಮೆ ಮಾಡಲು ಬರುತ್ತಿರಲಿಲ್ಲ.

ದುಃಖವೂ ಹೀಗೇ ಎಂದು ಆಮೇಲೆ ಅನ್ನಿಸಿತು. ಮೊದಲ ದಿನಗಳಲ್ಲಿ ಬಂದವರಿಗೆಲ್ಲ ಆ ಬೆಳಗಿನ ಕಥೆಯನ್ನು ಪೂರ್ತಿ ಹೇಳುತ್ತಿದ್ದೆ: ಹಾಲು ತಡವಾಗಿ ಬಂತು, ಜೀಪು ಸಿಗಲಿಲ್ಲ, ರೈಲ್ವೆ ಗೇಟು ಹಾಕಿತ್ತು. ಅದು ಹೀಗಾಗದಿದ್ದರೆ, ಇದು ಹಾಗಾಗದಿದ್ದರೆ. ದಿನ ಹೋದ ಹಾಗೆ ಒಂದೊಂದೇ ತುಂಡು ಬಿದ್ದುಹೋಯಿತು. ಹಾಲಿಗೂ ಸಾವಿಗೂ ಸಂಬಂಧವಿರಲಿಲ್ಲ. ಗೇಟಿಗೂ ಇರಲಿಲ್ಲ. ಕೊನೆಗೆ ಉಳಿದದ್ದು ಎರಡೇ ಮಾತು, ಅವರಿದ್ದರು, ಈಗ ಇಲ್ಲ. ಅದಕ್ಕಿಂತ ಕಡಿಮೆ ಮಾಡಲು ಬರುವುದಿಲ್ಲ. ಆದರೆ ಅಷ್ಟಾದರೆ ಹೊತ್ತುಕೊಂಡು ನಡೆಯಬಹುದು.

ಹತ್ತು ಸಾಲು ಕಳಿಸುವಾಗ, ಕೇಳಬಾರದ್ದನ್ನೂ ಕೇಳಿಬಿಟ್ಟೆ. ಹಾಗಾದರೆ ತಪ್ಪು ನನ್ನ ಜೋಡಿಸುವ ರೂಢಿಯದೇ ಅಲ್ಲವೇ, ಎಂದು. ಪೇಂಡಸೆಯವರ ಉತ್ತರ ಬೇಗ ಬಂತು. ಹತ್ತು ಸಾಲು ಹಾಕಿದ ಕೂಡಲೇ ನಮ್ಮ ಯಂತ್ರವೂ ಬಿತ್ತು, ದೋಷ ನಮ್ಮದೇ ಎಂದು ಒಪ್ಪಿಕೊಂಡಿದ್ದರು. ಕೆಳಗೆ ಬೇರೆ ಶಾಯಿಯಲ್ಲಿ ಎರಡು ಸಾಲು: "ಸೇತುವೆಯಲ್ಲಿ ಬಿರುಕಿತ್ತು. ನೀವು ಅದರ ಮೇಲೆ ಗಾಡಿ ಹೊಡೆದಿರಿ. ಗಾಡಿ ಹೊಡೆಯುವುದು ತಪ್ಪಲ್ಲ. ಸೇತುವೆ ಇರುವುದೇ ಅದಕ್ಕೆ." ಈ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀವು ನಗುತ್ತೀರಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಕಂಪನಿಯವರು ಮೂರು ತಿಂಗಳಿಗೊಮ್ಮೆ ತಮ್ಮ ಗ್ರಾಹಕರಿಗೆಲ್ಲ ಇಂಗ್ಲಿಷಿನ ಒಂದು ಪತ್ರಿಕೆ ಕಳಿಸುತ್ತಿದ್ದರು. ಯಾರು ಯಾವ ದೋಷ ಹೇಳಿದರು, ಅದಕ್ಕೆ ಉಳಿದವರು ಏನೆನ್ನುತ್ತಾರೆ, ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ನಮ್ಮ ದೋಷ ಅಚ್ಚಾದ ಕೂಡಲೇ ನಾಸಿಕದ ಒಬ್ಬರು ಜಗಳಕ್ಕೆ ಬಂದರು. ಜೋಡಿಸಿದ್ದನ್ನು ಮತ್ತೆ ಜೋಡಿಸು ಎನ್ನುವವರು ಯಾರು? ತೊಳೆದ ಪಾತ್ರೆಯನ್ನು ತೊಳೆಯಲು ಕೊಟ್ಟವರದೇ ತಪ್ಪು, ಇದಕ್ಕಾಗಿ ಫಂಕ್ಷನ್ನನ್ನು ಬದಲಿಸಬೇಡಿ, ಎಂದು. ಇನ್ನೊಬ್ಬರು, ಭಾಷೆಯ ನಿಯಮದ ಪುಸ್ತಕದಲ್ಲಿ ಜೋಡಿಸಬೇಕು ಎಂದಷ್ಟೇ ಇದೆ, ಹೇಗೆ ಎಂದಿಲ್ಲ, ಎಂದು ವಕೀಲಿ ಮಾಡಿದರು. ಅಲ್ಲಿಯವರೆಗೆ ನಾನು ಯಾರೊಂದಿಗೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಮಾರುತಿ ಹುರಿದುಂಬಿಸಿದ: "ಬಿಡಬ್ಯಾಡ್ರಿ ವೈನಿ, ಬರೀರಿ. ನಾಸಿಕದವ್ರು ಏನ ಕಾಗವಾಡಕ್ಕ ಬಂದು ಬಡಿಯಾಂಗಿಲ್ಲ."

ಬರೆದೆ. ನಮ್ಮಲ್ಲಿ ತೊಳೆದ ಪಾತ್ರೆಯನ್ನೂ ಉಣ್ಣುವ ಮೊದಲು ಇನ್ನೊಮ್ಮೆ ತೊಳೆಯುತ್ತೇವೆ. ಪಾತ್ರೆ ಅದಕ್ಕೆ ಒಡೆಯುವುದಿಲ್ಲ. ಜೋಡಿಸಿದ್ದನ್ನು ಕೊಡಬಾರದು ಎಂದು ನಿಯಮದ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ. ಪೇಂಡಸೆ ಅದನ್ನು ಇಂಗ್ಲಿಷಿಗೆ ಮಾಡಿ ಅಚ್ಚು ಹಾಕಿದರು. ನಾಸಿಕದವರು ಆಮೇಲೆ ಸುಮ್ಮನಾದರು. ಬಹುಶಃ ಪಾತ್ರೆ ತೊಳೆಯಲು ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಫ್ಲಾಪಿ ಬಂತು. ನನ್ನ ಬೆರಳುಗಳಿಗೆ ಹಬ್ಬ. ಶಿರಗುಪ್ಪಿಯ ಕಾರ್ಡುಗಳನ್ನು ಮನಸ್ಸು ತಣಿಯುವ ಹಾಗೆ ಜೋಡಿಸಿ ತುಂಬಿದೆ. ಇವರ ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಪಾಟೀಲ ಸಾಹೇಬರು ಬಂದು ಪ್ರಿಂಟರಿನ ಪಕ್ಕ ನಿಂತು ಪಟ್ಟಿ ಪೂರ್ತಿ ಇಳಿಯುವವರೆಗೆ ನೋಡಿದರು. "ನೆಲಾ ಡೊಂಕ ಇತ್ತು ಹಂಗಾದ್ರ," ಎಂದರು. ಪಟ್ಟಿಯನ್ನು ಹರಿದು ಕೈಗೆ ತೆಗೆದುಕೊಂಡು, "ನಾ ಅವನಿಗೆ ಹಂಗ ಅನಬಾರದಿತ್ತು," ಎಂದು, ನನ್ನ ಉತ್ತರಕ್ಕೆ ಕಾಯದೆ ಹೊರಗೆ ಹೋದರು.

ಫ್ಲಾಪಿಯ ಜೊತೆಗೆ ಬಂದ ಪತ್ರಿಕೆಯ ದುರಸ್ತಿಗಳ ಪಟ್ಟಿಯಲ್ಲಿ ನಮ್ಮದೂ ಇತ್ತು. ಜೋಡಿಸಿದ ಸಾಲು ಕೊಟ್ಟಾಗ ನಿಲ್ಲುತ್ತಿದ್ದ ದೋಷ ಸರಿಪಡಿಸಲಾಗಿದೆ. ತಿಳಿಸಿದವರು, ಶ್ರೀ ಸುನಂದಾ ಕಾಂಬಳೆ, ಕಾಗವಾಡ. ಮಾರುತಿಗೆ ಭಾರಿ ಖುಷಿ: "ಬರ್ರಿ ಶ್ರೀಯುತ ವೈನಿ, ಚಹಾ ಕುಡಿಸ್ರಿ." ನಾನು ಚಹಾ ಕುಡಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಮರುದಿನ ಪುಣೆಗೆ ಬರೆದೆ: ನಿಮ್ಮ ದುರಸ್ತಿಗಳ ಪಟ್ಟಿಯಲ್ಲಿ ಎರಡು ದೋಷಗಳಿವೆ. ಒಂದು, ನಾನು ಶ್ರೀ ಅಲ್ಲ. ಎರಡು, ಈ ದೋಷವನ್ನು ಮೊದಲು ತಿಳಿಸಿದವರು ನಾನಲ್ಲ. ಯಶವಂತ ಕಾಂಬಳೆಯವರ ಕಾಗದ ನಿಮ್ಮ ಫೈಲಿನಲ್ಲಿದೆ, ತೆಗೆದು ನೋಡಿ. ಅದು ಯಾವಾಗ ಬೀಳುತ್ತದೆ ಎಂಬುದನ್ನಷ್ಟೇ ನಾನು ಕಂಡದ್ದು.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ, ದುರಸ್ತಿಯ ದುರಸ್ತಿ ಎಂದು, ಸರಿಯಾಗಿ ಅಚ್ಚಾಗಿತ್ತು. ಅವರ ಹೆಸರು, ಆಮೇಲೆ ನನ್ನದು. ಸಾಹೇಬರು ತಾವೇ ಅದನ್ನು ಕತ್ತರಿಸಿ, ಕ್ಯಾಂಟೀನಿಗೆ ಹೋಗುವ ದಾರಿಯ ನೋಟೀಸ್ ಬೋರ್ಡಿಗೆ ಹಚ್ಚಿಸಿದರು.

ದೂರು ಹೇಳುವವರನ್ನು ಜನ ಕೊರಗುವವರು ಎನ್ನುತ್ತಾರೆ. ನನಗೀಗ ಹಾಗನ್ನಿಸುವುದಿಲ್ಲ. ಸರಿಯಾಗುವುದೇ ಇಲ್ಲ ಎಂದು ತಿಳಿದವರು ಸುಮ್ಮನಿರುತ್ತಾರೆ. ಕಾಗದ ತೆಗೆದು, ಹೀಗೆ ಮಾಡಿದೆ, ಹೀಗಾಗಬೇಕಿತ್ತು, ಹಾಗಾಯಿತು ಎಂದು ತಾಳ್ಮೆಯಿಂದ ಬರೆದು ಟಪಾಲಿಗೆ ಹಾಕುವವನಿಗೆ, ಆ ಕಡೆ ಯಾರೋ ಓದಿ ರಿಪೇರಿ ಮಾಡುತ್ತಾರೆ ಎಂಬ ನಂಬಿಕೆ ಇದ್ದೇ ಇರುತ್ತದೆ. ಎಲ್ಲ ದೋಷಕ್ಕೂ ಬರೆಯುವ ವಿಳಾಸ ಇಲ್ಲ, ಗೊತ್ತು. ಇರುವಲ್ಲಿಗೆ ಬರೆಯಬೇಕು.

ಅದೇ ಸಂಚಿಕೆಯ ಕೊನೆಯ ಪುಟದಲ್ಲಿ ಸಾತಾರೆಯ ಒಬ್ಬರ ಕಾಗದ ವಿಳಾಸ ಸಮೇತ ಇತ್ತು. ಲೈಬ್ರರಿಯ ತಾರೀಖಿನ ಫಂಕ್ಷನ್ನು ಒಂದೊಂದು ಅಧಿಕ ವರ್ಷದಲ್ಲಿ ಫೆಬ್ರವರಿ ಇಪ್ಪತ್ತೊಂಬತ್ತನ್ನು ನುಂಗಿಬಿಡುತ್ತದೆ, ಆಫೀಸಿನಲ್ಲಿ ಯಾರೂ ನಂಬುತ್ತಿಲ್ಲ ಎಂದು. ಕೆಳಗೆ ಕಂಪನಿಯ ಟಿಪ್ಪಣಿ: ನಮ್ಮಲ್ಲಿ ಕಾಣಿಸಲಿಲ್ಲ. ನಾನು ಎದ್ದು ಯಂತ್ರದ ಮುಂದೆ ಕೂತೆ. ಎಂಟು ಸಾಲು ಬರೆದು ಹಚ್ಚಿ ನೋಡಿದೆ. ಇಪ್ಪತ್ತೆಂಟು ಆದ ಮೇಲೆ ಮಾರ್ಚ್ ಒಂದು ಬಂತು. ಒಂದು ಪೋಸ್ಟ್‌ಕಾರ್ಡು ತೆಗೆದುಕೊಂಡು ಪುಣೆಗೆ ಬರೆದೆ. ಇನ್ನೊಂದು ತೆಗೆದುಕೊಂಡು ನೇರವಾಗಿ ಸಾತಾರೆಯ ಆ ಮನುಷ್ಯನಿಗೇ ಬರೆದೆ. ಹೆಚ್ಚೇನೂ ಇಲ್ಲ, ಒಂದೇ ಸಾಲು: ಹೌದು, ನಮ್ಮಲ್ಲೂ ಹಾಗೇ ಆಗುತ್ತದೆ.